ದುಡಿಯುವಾಗ ಸತ್ತವರ ಮನೆಯವರಿಗೆ ಪರಿಹಾರ: ಠಾಣೆಯ ಮೊದಲ ಕಾಗದದಲ್ಲೇ ಎಲ್ಲವೂ ಇದೆ

ಸೆಂಟ್ರಿಂಗ್ ಕೆಲಸದವರೊಬ್ಬರ ಪತ್ನಿ ನನ್ನೆದುರು ಕುಳಿತು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ಒಂದೊಂದಾಗಿ ತೆಗೆದಿಟ್ಟರು. ಮೊದಲನೆಯದು ಛಾಪಾ ಕಾಗದ. ‘ಮಾನವೀಯತೆಯ ದೃಷ್ಟಿಯಿಂದ ಕೊಟ್ಟ ಒಂದು ಲಕ್ಷ ರೂಪಾಯಿ ಪಡೆದಿರುತ್ತೇನೆ, ಮುಂದೆ ಯಾವ ತಕರಾರೂ ಇರುವುದಿಲ್ಲ’ ಎಂಬ ಬರಹ, ಕೆಳಗೆ ಅವರ ಹೆಬ್ಬೆಟ್ಟು. ಎರಡನೆಯದು ಪೊಲೀಸ್ ದೂರಿನ ಜೆರಾಕ್ಸ್. ‘ನನ್ನ ಗಂಡ ಕಟ್ಟಡದ ಮೇಲಿನಿಂದ ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾರೆ, ಸಾವಿನ ಬಗ್ಗೆ ಯಾವುದೇ ಅನುಮಾನ ಇರುವುದಿಲ್ಲ.’ ಯಾರ ಕಟ್ಟಡ, ಕೆಲಸಕ್ಕೆ ಕರೆದವರು ಯಾರು, ಕೂಲಿ ಎಷ್ಟು ಎಂಬ ಒಂದು ಮಾತೂ ಅದರಲ್ಲಿಲ್ಲ. ಬರೆದುಕೊಟ್ಟವನು ಮೇಸ್ತ್ರಿಯ ಕಡೆಯವನು.

ಅವರು ಅಳುತ್ತಿದ್ದುದು ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಕ್ಕಾಗಿ. ನನಗೆ ಚಿಂತೆ ಹತ್ತಿದ್ದು ಎರಡನೆಯ ಕಾಗದ ನೋಡಿ. ಸಾವಿನ ಪರಿಹಾರವನ್ನು ಮಾಲೀಕರು ಪರಿಹಾರದ ಅರ್ಜಿಗಳನ್ನು ನಡೆಸುವ ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟ ಹಣ ಕಾನೂನಿನ ಕಣ್ಣಿನಲ್ಲಿ ಪರಿಹಾರವೇ ಅಲ್ಲ. ಹೆಚ್ಚೆಂದರೆ ಮೂರು ತಿಂಗಳ ಸಂಬಳದಷ್ಟನ್ನು ಮುಂಗಡವೆಂದು ಕಳೆಯಬಹುದು. ಹಕ್ಕು ಬಿಟ್ಟುಕೊಟ್ಟ ಕರಾರೂ ನಿಲ್ಲುವುದಿಲ್ಲ. ಆದರೆ ಠಾಣೆಯಲ್ಲಿ ಬರೆದ ಮೊದಲ ದೂರು ಕೊನೆಯವರೆಗೂ ಪ್ರಕರಣದ ಬೆನ್ನಿಗೇ ಇರುತ್ತದೆ.

ಕಾನೂನಿನ ಬಗ್ಗೆ ಒಂದು ಮಾತು. ಪರಿಹಾರದ ಈ ಹಕ್ಕು ಇದ್ದದ್ದು 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪರಿಹಾರದ ವಿಷಯ ಅದರ ಏಳನೇ ಅಧ್ಯಾಯದಲ್ಲಿದೆ. ತಿರುಳು ಹಳೆಯದೇ. ಅದಕ್ಕೂ ಮೊದಲು ನಡೆದ ಅಪಘಾತಗಳಿಗೆ ಹಳೆಯ ಕಾಯ್ದೆಯ ಲೆಕ್ಕವನ್ನೇ ಕೇಳಿ.

ಎಲ್ಲಕ್ಕಿಂತ ಮೊದಲು ಸಂಬಳದ ಚೀಟಿ ನೋಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಈ ದಾರಿ ನಿಮ್ಮದಲ್ಲ. ಇಎಸ್‌ಐ ಕಚೇರಿಗೆ ಹೋಗಿ. ಅಲ್ಲಿ ಸರಾಸರಿ ದಿನಗೂಲಿಯ ಶೇ 90ರ ಲೆಕ್ಕದಲ್ಲಿ ಅವಲಂಬಿತರಿಗೆ ತಿಂಗಳು ತಿಂಗಳೂ ಹಣ ಬರುತ್ತದೆ. ಭವಿಷ್ಯ ನಿಧಿ ಇದ್ದರೆ ಅದರ ವಿಮೆ ಮತ್ತು ವಿಧವಾ ಪಿಂಚಣಿಗೆ ಬೇರೆಯೇ ಅರ್ಜಿ ಹಾಕಬೇಕು. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದ್ದರೆ ಅಲ್ಲಿಯೂ ಅರ್ಜಿ ಕೊಡಿ.

ಇನ್ನು ದೂರು. ಶವಾಗಾರದ ಮುಂದೆ ನಿಂತಿರುವ ಮನೆಯವರಿಗೆ ಆಗ ಒಂದೇ ಆತುರ: ಕತ್ತಲಾಗುವುದರೊಳಗೆ ಶವವನ್ನು ಊರಿಗೆ ಒಯ್ಯಬೇಕು. ಆಂಬುಲೆನ್ಸ್ ಬಾಡಿಗೆ ಕೊಡುವವನೇ ದೂರನ್ನೂ ಬರೆದು ತಂದಿರುತ್ತಾನೆ. ಬೇಡ. ಓದು ಬರಹ ಬಲ್ಲ ನಿಮ್ಮವರೊಬ್ಬರನ್ನು ಕೂರಿಸಿ, ನಿಮ್ಮ ಮಾತಿನಲ್ಲೇ ಬರೆಸಿ. ಎಷ್ಟು ದಿನದಿಂದ ಯಾರ ಬಳಿ ಕೆಲಸ, ಕಟ್ಟಡದ ಮಾಲೀಕರು ಯಾರು, ಗುತ್ತಿಗೆದಾರ ಯಾರು, ಮೇಸ್ತ್ರಿ ಯಾರು, ಜಾಗ ಯಾವುದು, ಅವತ್ತು ಯಾವ ಕೆಲಸ ಒಪ್ಪಿಸಿದ್ದರು, ಎಷ್ಟು ಹೊತ್ತಿಗೆ ಏನಾಯಿತು, ಪಕ್ಕದಲ್ಲಿದ್ದವರು ಯಾರು, ದಿನಗೂಲಿ ಎಷ್ಟು, ಬಟವಾಡೆ ಯಾವ ದಿನ. ‘ಕಾಲು ಜಾರಿ ಬಿದ್ದರು’ ಎಂದು ನಿಲ್ಲಿಸಬೇಡಿ. ‘ಮೂರನೇ ಮಹಡಿಯ ಸೆಂಟ್ರಿಂಗ್ ಹಲಗೆ ಬಿಚ್ಚುವಂತೆ ಮೇಸ್ತ್ರಿ ಹೇಳಿದ್ದರು, ಬಿಚ್ಚುವಾಗ ಹಲಗೆ ಮುರಿದು ಬಿದ್ದರು’ ಎಂದು ಬರೆಸಿ. ಈ ಎರಡು ವಾಕ್ಯಗಳ ನಡುವೆ ಒಂದು ಮನೆಯ ಬದುಕಿದೆ.

ಏಕೆಂದರೆ ಸಾವು ಕೆಲಸದ ವೇಳೆಯಲ್ಲಿ ಆಗಿದ್ದರೆ ಸಾಲದು, ಕೆಲಸದ ಕಾರಣದಿಂದಲೂ ಆಗಿರಬೇಕು. ಯಾತ್ರಿಕರನ್ನು ಕರೆದೊಯ್ದಿದ್ದ ಚಾಲಕರೊಬ್ಬರು ದೇವಸ್ಥಾನದ ಕೊಳದ ಮೆಟ್ಟಿಲಿನಲ್ಲಿ ಕುಳಿತಿದ್ದಾಗ ಜಾರಿ ಮುಳುಗಿ ತೀರಿಕೊಂಡ ನಮ್ಮ ರಾಜ್ಯದ್ದೇ ಪ್ರಕರಣವೊಂದರಲ್ಲಿ, ಆ ಸಾವಿಗೂ ಚಾಲಕನ ಕೆಲಸಕ್ಕೂ ನಂಟಿಲ್ಲವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಹೃದಯಾಘಾತವಾದರಂತೂ ಆ ದಿನದ ಕೆಲಸದ ಭಾರ, ಪಾಳಿಯ ಗಂಟೆಗಳು, ಬಿಸಿಲು ಎಲ್ಲವನ್ನೂ ಬರೆಸಲೇಬೇಕು.

‘ಅವನು ಕುಡಿದಿದ್ದ, ಬೆಲ್ಟ್ ಹಾಕಿಕೊಂಡಿರಲಿಲ್ಲ’ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಗಾಯದ ಪ್ರಕರಣಗಳಲ್ಲಿ ಆ ವಾದ ನಡೆಯುತ್ತದೆ, ಸಾವಿನ ಪ್ರಕರಣದಲ್ಲಿ ನಡೆಯುವುದಿಲ್ಲ. ಮಾಲೀಕರ ತಪ್ಪನ್ನು ನೀವು ಸಾಬೀತುಪಡಿಸಬೇಕಾಗಿಯೂ ಇಲ್ಲ.

ಶವ ಪಂಚನಾಮೆಯ ಹೊತ್ತಿಗೆ ಆಧಾರ್ ಕಾರ್ಡ್ ಕೈಯಲ್ಲಿರಲಿ. ವಯಸ್ಸನ್ನು ಅಂದಾಜಿನಲ್ಲಿ ‘ಸುಮಾರು 45’ ಎಂದು ಬರೆದುಬಿಡುತ್ತಾರೆ, ಮರಣೋತ್ತರ ಪರೀಕ್ಷೆಯ ವರದಿಯಲ್ಲೂ ಅದೇ ಇಳಿಯುತ್ತದೆ. ಇದು ಸಣ್ಣ ವಿಷಯವಲ್ಲ. ಪರಿಹಾರ ಎಂದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಿದ ಮೊತ್ತ. ಸಂಬಳ ಎಷ್ಟೇ ಇರಲಿ, 2020ರ ಜನವರಿ 3ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿಯವರೆಗೆ. 40 ವರ್ಷಕ್ಕೆ ಗುಣಕ 184.17: 7,500ರಿಂದ ಗುಣಿಸಿದರೆ 13,81,275 ರೂಪಾಯಿ. 45 ವರ್ಷಕ್ಕೆ 169.44: 12,70,800 ರೂಪಾಯಿ. ಅಂದಾಜಿನ ಒಂದು ಅಂಕಿಗೆ 1,10,475 ರೂಪಾಯಿ ಹೋಗುತ್ತದೆ.

ಕೆಟ್ಟ ದೂರಿಗೆ ಈಗಾಗಲೇ ಸಹಿ ಹಾಕಿದ್ದರೆ ಕೈಚೆಲ್ಲಬೇಡಿ. ಕಾರ್ಯ ಮುಗಿದ ಕೂಡಲೇ ಠಾಣೆಗೆ ಹೋಗಿ ಮರುಹೇಳಿಕೆ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಅದೇ ವಿವರವನ್ನು ಅಂಚೆಯಲ್ಲೂ ಕಳುಹಿಸಿ.

ತೀರಿಹೋದವರ ಮೊಬೈಲನ್ನು ಯಾರಿಗೂ ಕೊಡಬೇಡಿ, ಅಳಿಸಬೇಡಿ, ಸಿಮ್ ನಿಲ್ಲದಂತೆ ರೀಚಾರ್ಜ್ ಮಾಡಿಸುತ್ತಿರಿ. ಹಾಜರಿ ಪುಸ್ತಕ ಮೇಸ್ತ್ರಿಯ ಜೇಬಿನಲ್ಲಿರುತ್ತದೆ, ಅದು ನಿಮಗೆ ಸಿಗುವುದಿಲ್ಲ. ಆದರೆ ‘ನಾಳೆ ಬೇಗ ಬಾ’ ಎಂದು ಮೇಸ್ತ್ರಿ ಕಳುಹಿಸಿದ ಸಂದೇಶ, ಶನಿವಾರದ ಫೋನ್‌ಪೇ ಪಾವತಿ, ಕಟ್ಟಡದ ಮುಂದೆ ತೆಗೆಸಿಕೊಂಡ ಚಿತ್ರ ಆ ಫೋನಿನಲ್ಲಿವೆ. ಕೆಲಸಕ್ಕಿದ್ದರು ಎನ್ನುವುದಕ್ಕೆ ನಾನು ಕಂಡ ಗಟ್ಟಿ ಸಾಕ್ಷಿ ಅದೇ.

ಉಳಿದ ಕಾಗದಗಳು ಸುಲಭ: ಎಫ್‌ಐಆರ್, ಸ್ಥಳ ಮಹಜರು, ಮರಣೋತ್ತರ ಪರೀಕ್ಷಾ ವರದಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ಬ್ಯಾಂಕ್ ಪುಸ್ತಕ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ಯಾವುದನ್ನೂ ಲ್ಯಾಮಿನೇಷನ್ ಮಾಡಿಸಬೇಡಿ.

ಅರ್ಜಿ ಹಾಕಲು ಸಾವಿನ ದಿನದಿಂದ ಎರಡು ವರ್ಷ ಅವಕಾಶ. ಹಳೆಯ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಆಯುಕ್ತರಾಗಿ ಇವುಗಳನ್ನು ನಡೆಸುತ್ತಿದ್ದರು. ಸಾವು ಬೆಂಗಳೂರಿನಲ್ಲಾದರೂ ನೀವು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ಎದುರುದಾರರಾಗಿ ಗುತ್ತಿಗೆದಾರನ ಜೊತೆ ಕೆಲಸ ಒಪ್ಪಿಸಿದ ಮೂಲ ಮಾಲೀಕರನ್ನೂ, ವಿಮೆ ಇದ್ದರೆ ವಿಮಾ ಕಂಪನಿಯನ್ನೂ ಸೇರಿಸಿ. ಗುತ್ತಿಗೆದಾರ ಕಣ್ಮರೆಯಾದರೂ ಹಣ ಕೊಡುವವರು ಉಳಿಯುತ್ತಾರೆ. ಲಾರಿ ಚಾಲಕರು ರಸ್ತೆ ಅಪಘಾತದಲ್ಲಿ ಸತ್ತಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿಯ ದಾರಿಯೂ ಇದೆ. ಎರಡರಲ್ಲಿ ಒಂದನ್ನೇ ಆರಿಸಬೇಕು, ವಕೀಲರನ್ನು ಕೇಳಿಯೇ ಆರಿಸಿ.

ಆಸ್ಪತ್ರೆಯ ಬಾಗಿಲಲ್ಲೇ ವಕಾಲತ್ತಿಗೆ ಸಹಿ ಹಾಕಿಸಿಕೊಂಡು, ಬಂದದ್ದರಲ್ಲಿ ಪಾಲು ಕೇಳುವ ಮಧ್ಯವರ್ತಿಗಳನ್ನು ಹತ್ತಿರ ಸೇರಿಸಬೇಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. 15100ಕ್ಕೆ ಕರೆ ಮಾಡಿ. ಕೋರ್ಟ್ ಎದುರಿನ ಡಿಟಿಪಿ ಅಂಗಡಿಯ ಸಿದ್ಧ ಅರ್ಜಿಯೂ ಬೇಡ. ಹಿಂದಿನವರ ಹೆಸರು, ಊರು ಹಾಗೆಯೇ ಉಳಿದಿದ್ದ ಅರ್ಜಿಯನ್ನು ನಾನೇ ನೋಡಿದ್ದೇನೆ.

ಪತ್ನಿ, ಅಪ್ರಾಪ್ತ ಮಗ, ಮದುವೆಯಾಗದ ಮಗಳು, ವಿಧವೆ ತಾಯಿ ಅವಲಂಬಿತರೆಂದೇ ಲೆಕ್ಕ. ತಂದೆ, ಅಥವಾ ಪತಿ ಬದುಕಿರುವ ತಾಯಿ ತಾವು ಆ ದುಡಿಮೆಯನ್ನು ನೆಚ್ಚಿದ್ದೆವೆಂದು ತೋರಿಸಬೇಕು. ಯಾರನ್ನೂ ಬಿಡದೆ ಎಲ್ಲರ ಹೆಸರನ್ನೂ ಹಾಕಿ. ಅತ್ತೆಯ ಹೆಸರು ಬಿಟ್ಟು, ಮನೆಯ ಜಗಳ ಕೋರ್ಟಿಗೆ ಬಂದು, ಹಣ ಸಿಕ್ಕಿಬಿದ್ದದ್ದನ್ನು ಕಂಡಿದ್ದೇನೆ.

ಒಂದು ತಿಂಗಳೊಳಗೆ ಹಣ ಕಟ್ಟದಿದ್ದರೆ ಶೇ 12 ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಶೇ 50ರವರೆಗೆ ದಂಡವೂ ಇದೆ. ಎರಡನ್ನೂ ಅರ್ಜಿಯಲ್ಲೇ ಕೇಳಿ. ಆದೇಶವಾದಾಗ ಅಪ್ರಾಪ್ತ ಮಕ್ಕಳ ಪಾಲನ್ನು ಸಾಮಾನ್ಯವಾಗಿ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಿಸುತ್ತಾರೆ. ಆ ಠೇವಣಿ ರಸೀದಿಗಳು ತಾಯಿಯ ಪೆಟ್ಟಿಗೆಯಲ್ಲೇ ಇರಲಿ, ಮೈದುನನ ಬೀರುವಿನಲ್ಲಿ ಬೇಡ.