ನಿವೃತ್ತಿಗೆ ಮೂರೇ ವರ್ಷ: ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾನಿದ್ದ ಕಾಲದಲ್ಲಿ ಬೀಳ್ಕೊಡುಗೆ ಎಂದರೆ ತಿಂಗಳ ಕೊನೆಯ ದಿನ ಮಧ್ಯಾಹ್ನದ ಕಾರ್ಯಕ್ರಮ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ, ಕ್ಯಾಂಟೀನಿನ ಜಾಮೂನು. ಅದೆಲ್ಲ ಮುಗಿದ ಮೇಲೆ ಸನ್ಮಾನಿತರು ಪೇಟವನ್ನು ಕಂಕುಳಲ್ಲಿ ಇಟ್ಟುಕೊಂಡೇ ನಮ್ಮ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಕೇಳುತ್ತಿದ್ದರು: 'ಸರ್, ನನಗೆ ಪಿಂಚಣಿ ಎಷ್ಟು ಬರುತ್ತದೆ?' ಮೂವತ್ತು ವರ್ಷ ದುಡಿದವರಿಗೆ ಆ ಅಂಕಿಯನ್ನು ಹೇಳುವುದು ನನ್ನ ಕೆಲಸಗಳಲ್ಲೆಲ್ಲ ಅತಿ ಕಷ್ಟದ್ದು. ಅದು ಬೀಳ್ಕೊಡುಗೆಯ ದಿನ ಕೇಳುವ ಪ್ರಶ್ನೆಯಲ್ಲ, ಐವತ್ತೈದಕ್ಕೆ ಕೇಳಬೇಕಾದದ್ದು.

ಹಾಗೆ ಮೊದಲೇ ಬಂದು ಕೇಳಿದವರು ಒಬ್ಬರಿದ್ದರು. 'ಈಗ ಶುರು ಮಾಡಿ ಏನು ಪ್ರಯೋಜನ, ಕಾಲ ಮಿಂಚಿತಲ್ಲ' ಎನ್ನುತ್ತಲೇ ಕುರ್ಚಿ ಎಳೆದುಕೊಂಡರು. 'ಮನೆಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ?' ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲ್ ತೆಗೆದು ಹೆಂಡತಿಗೆ ಫೋನ್ ಮಾಡಿದರು.

ಈ ಬರಹ ಅವರಂಥವರಿಗೆ: ಖಾಸಗಿ ಕಂಪನಿಯಲ್ಲಿ 58ಕ್ಕೆ ನಿವೃತ್ತರಾಗುವವರಿಗೆ, ಈಗ 54, 55ರ ಆಸುಪಾಸಿನಲ್ಲಿ ಇರುವವರಿಗೆ. ಸರ್ಕಾರಿ ನೌಕರರ ಲೆಕ್ಕ ಬೇರೆ.

ಹಂತ 1: ಮನೆಯ ಖರ್ಚು ಬರೆಯಿರಿ

ಒಂದು ನೋಟ್‌ಬುಕ್ ಸಾಕು. ಮೂರು ತಿಂಗಳು ಬರೆಯಿರಿ, ಮನೆಯವರ ಜೊತೆ ಕುಳಿತು ಬರೆಯಿರಿ. ಹಾಲು, ದಿನಸಿ, ಕರೆಂಟು, ಔಷಧಿ ಎಲ್ಲರಿಗೂ ನೆನಪಾಗುತ್ತವೆ. ತಪ್ಪಿಹೋಗುವುದು ವರ್ಷಕ್ಕೊಮ್ಮೆ ಬರುವ ಖರ್ಚು: ಮನೆ ಕಂದಾಯ, ವಾಹನ ವಿಮೆ, ಗೌರಿ ಹಬ್ಬದ ಬಾಗಿನ, ಊರ ಜಾತ್ರೆ, ಮದುವೆ ಮುಂಜಿಗಳ ಮುಯ್ಯಿ. ಇವನ್ನೆಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿ, ತಿಂಗಳ ಲೆಕ್ಕಕ್ಕೆ ಸೇರಿಸಿ.

ಕೆಲಸ ಬಿಟ್ಟ ಮೇಲೆ ಓಡಾಟದ ಪೆಟ್ರೋಲು ನಿಲ್ಲುತ್ತದೆ, ಪಿಎಫ್ ಕಡಿತವಿರುವುದಿಲ್ಲ. ಅದರ ಜಾಗಕ್ಕೆ ಔಷಧಿ ಅಂಗಡಿಯ ಚೀಟಿ ಬರುತ್ತದೆ. ಹಾಗಾಗಿ 'ನಿವೃತ್ತಿಯ ನಂತರ ಖರ್ಚು ಅರ್ಧವಾಗುತ್ತದೆ' ಎಂಬ ಮಾತನ್ನು ನಾನು ನಂಬುವುದಿಲ್ಲ.

ಈಗಿನ ಖರ್ಚು 38,000 ರೂಪಾಯಿ ಎಂದುಕೊಳ್ಳೋಣ. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ ಮೂರು ವರ್ಷಕ್ಕೆ ಅದು 45,000 ದಾಟುತ್ತದೆ. ಅಲ್ಲಿಂದ ಹನ್ನೆರಡು ವರ್ಷಕ್ಕೆ, ಎಂದರೆ ನಿಮ್ಮ ಎಪ್ಪತ್ತರ ಹೊತ್ತಿಗೆ, 90,000. ಹೆದರಿಸಲು ಹೇಳುತ್ತಿಲ್ಲ. ಮುಂದೆ ಹಣ ಎಲ್ಲಿಡಬೇಕು ಎಂಬ ಮಾತು ಬಂದಾಗ ಈ ಅಂಕಿ ಬೇಕಾಗುತ್ತದೆ.

ಹಂತ 2: ಬರುವುದನ್ನು ಎಣಿಸಿ, ಮೊದಲು ಪಿಂಚಣಿ

ಜನ ಅತಿ ಹೆಚ್ಚು ತಪ್ಪು ತಿಳಿದಿರುವುದು ಇಪಿಎಸ್, ಅಂದರೆ ನೌಕರರ ಪಿಂಚಣಿ ಯೋಜನೆಯ ವಿಷಯದಲ್ಲಿ. 1995ರ ನವೆಂಬರ್ 16ರಂದು ಜಾರಿಗೆ ಬಂದ ಈ ಯೋಜನೆಯಲ್ಲಿ ಕಂಪನಿ ಕಟ್ಟುವ ಪಾಲಿನಿಂದ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಆದರೆ ನಿಮ್ಮ ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಮಿತಿ ತಿಂಗಳಿಗೆ 15,000 ರೂಪಾಯಿ. 2014ರ ಸೆಪ್ಟೆಂಬರ್‌ಗೆ ಮುಂಚೆ ಅದು 6,500 ಇತ್ತು. ಹೆಚ್ಚಿನ ಪಿಂಚಣಿಗೆ ಆಯ್ಕೆ ಕೊಟ್ಟು ಒಪ್ಪಿಗೆ ಪಡೆದವರನ್ನು ಬಿಟ್ಟರೆ ಉಳಿದವರಿಗೆಲ್ಲ ಇದೇ ಅಳತೆ.

ಸೂತ್ರ ಸುಲಭ: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 1998ರಲ್ಲಿ ಸೇರಿ 2028ರಲ್ಲಿ ಬಿಡುವವರನ್ನು ತೆಗೆದುಕೊಳ್ಳಿ. 2014ರವರೆಗಿನ 16 ವರ್ಷಕ್ಕೆ 6,500ರ ಲೆಕ್ಕದಲ್ಲಿ 1,486 ರೂಪಾಯಿ, ಆಮೇಲಿನ 14 ವರ್ಷಕ್ಕೆ 15,000ದ ಲೆಕ್ಕದಲ್ಲಿ 3,000. ಇಪ್ಪತ್ತು ವರ್ಷ ಸೇವೆ ಮಾಡಿದವರಿಗೆ ಸಿಗುವ ಎರಡು ವರ್ಷದ ಹೆಚ್ಚುವರಿಯನ್ನು ಸೇರಿಸಿದರೂ ಐದು ಸಾವಿರ ದಾಟುವುದಿಲ್ಲ. ಪೇಟ ಕಂಕುಳಲ್ಲಿಟ್ಟುಕೊಂಡು ಬಂದವರಿಗೆ ನಾನು ಹೇಳಬೇಕಾಗಿದ್ದದ್ದು ಇಂಥ ಅಂಕಿಯನ್ನೇ. ನೌಕರ ತೀರಿಕೊಂಡ ಮೇಲೆ ಪತಿ ಅಥವಾ ಪತ್ನಿಗೆ ಬರುವುದು ಇದರ ಅರ್ಧ.

'ಅರವತ್ತರವರೆಗೆ ಕಾದರೆ ಪಿಂಚಣಿ ಹೆಚ್ಚಾಗುತ್ತದಂತೆ, ಕಾಯಲೇ?' ಎಂದು ಕೇಳುವವರಿದ್ದಾರೆ. ಹೆಚ್ಚಾಗುತ್ತದೆ, ವರ್ಷಕ್ಕೆ ಶೇ 4. ವಂತಿಗೆ ಕಟ್ಟದೆ ಸುಮ್ಮನೆ ಕಾಯುವವರ ಲೆಕ್ಕ ನೋಡಿ. ಪಿಂಚಣಿ 4,800 ಇದ್ದರೆ ಎರಡು ವರ್ಷದಲ್ಲಿ 1,15,200 ರೂಪಾಯಿ ಬಿಟ್ಟುಕೊಡುತ್ತೀರಿ. ಅದಕ್ಕೆ ಪ್ರತಿಯಾಗಿ ಸಿಗುವುದು ತಿಂಗಳಿಗೆ 390 ರೂಪಾಯಿ ಚಿಲ್ಲರೆ. ಬಿಟ್ಟದ್ದು ತುಂಬಿ ಬರುವಷ್ಟರಲ್ಲಿ ನಿಮಗೆ 84 ತುಂಬಿರುತ್ತದೆ. ನನ್ನ ಸಲಹೆ: 58ಕ್ಕೇ ತೆಗೆದುಕೊಳ್ಳಿ. ಇದಕ್ಕೆ ವಿರುದ್ಧವಾಗಿ, 50 ದಾಟಿತೆಂದು ಕೆಲಸ ಬಿಟ್ಟು ಮೊದಲೇ ಪಿಂಚಣಿ ಕೇಳಿದರೆ ವರ್ಷಕ್ಕೆ ಶೇ 4 ಕಡಿತ, ಅದೂ ಜೀವನಪರ್ಯಂತ.

ಗ್ರಾಚ್ಯುಟಿಯ ಲೆಕ್ಕ ಇನ್ನೂ ಸರಳ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯ ಮೊತ್ತವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಬಂದದ್ದನ್ನು ಸೇವಾ ವರ್ಷಗಳಿಂದ ಗುಣಿಸಿ. 40,000 ರೂಪಾಯಿಗೆ 30 ವರ್ಷ ಎಂದರೆ 6.92 ಲಕ್ಷ. 20 ಲಕ್ಷದವರೆಗೆ ತೆರಿಗೆ ಇಲ್ಲ.

ಉಳಿದದ್ದು ಪಿಎಫ್ ಗಂಟು. ಪಾಸ್‌ಬುಕ್ಕನ್ನು ಮೊಬೈಲಿನಲ್ಲೇ ನೋಡಬಹುದು. ಉಳಿದ ಮೂರು ವರ್ಷದಲ್ಲಿ ಅದನ್ನು ಹಿಗ್ಗಿಸುವ ಸುಲಭ ದಾರಿ ವಿಪಿಎಫ್, ಅಂದರೆ ಸಂಬಳದಿಂದ ನೀವಾಗಿ ಕೊಡುವ ಹೆಚ್ಚುವರಿ ವಂತಿಗೆ. 2024-25ರ ಶೇ 8.25 ಬಡ್ಡಿಯೇ ಮುಂದುವರಿದರೆ ತಿಂಗಳಿಗೆ 10,000ದಂತೆ ಮೂರು ವರ್ಷಕ್ಕೆ ಸುಮಾರು 4.05 ಲಕ್ಷ ಆಗುತ್ತದೆ. ವರ್ಷಕ್ಕೆ ನಿಮ್ಮ ಪಾಲಿನ ವಂತಿಗೆ ಒಟ್ಟು 2.5 ಲಕ್ಷ ಮೀರಿದರೆ ಮಾತ್ರ ಮೀರಿದ ಭಾಗದ ಬಡ್ಡಿಗೆ ತೆರಿಗೆ.

ಹಂತ 3: ಹೆಸರಿನ ಕೊನೆಯ ಅಕ್ಷರ ನೋಡಿ

ನಮ್ಮ ಯಂತ್ರ ವಿಭಾಗದಲ್ಲಿದ್ದ ಒಬ್ಬರಿಗೆ ನಿವೃತ್ತಿಯಾಗಿ ಏಳು ತಿಂಗಳಾದರೂ ಪಿಎಫ್ ಕೈಸೇರಲಿಲ್ಲ. ಆಧಾರ್‌ನಲ್ಲಿ ಹೆಸರಿನ ಕೊನೆಗೆ ಇಂಗ್ಲಿಷಿನ 'ಎ' ಅಕ್ಷರವಿತ್ತು, ಪಿಎಫ್ ದಾಖಲೆಯಲ್ಲಿ ಇರಲಿಲ್ಲ. ಬ್ಯಾಂಕಿನಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಮುಂದಿತ್ತು, ಪಾನ್ ಕಾರ್ಡಿನಲ್ಲಿ ಹಿಂದೆ. ಮೂವತ್ತು ವರ್ಷದ ಹಿಂದೆ ಯಾವನೋ ಗುಮಾಸ್ತ ಕಿವಿಗೆ ಕೇಳಿಸಿದಂತೆ ಬರೆದುಕೊಂಡದ್ದರ ಫಲ ಅದು. ಇನಿಷಿಯಲ್ಲಿನ ಗೋಜಲು ನಮ್ಮ ಕಡೆಯವರನ್ನು ಕಾಡಿದಷ್ಟು ಉತ್ತರದವರನ್ನು ಕಾಡಿರಲಾರದು.

ಆದ್ದರಿಂದ ಒಂದು ಭಾನುವಾರ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್, ಪಿಎಫ್ ವಿವರ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನ, ತಂದೆಯ ಹೆಸರು ಓದಿ. ವ್ಯತ್ಯಾಸವಿದ್ದರೆ ಕೆಲಸದಲ್ಲಿರುವಾಗಲೇ ತಿದ್ದಿಸಿ. ಆಗ ಕಂಪನಿಯವರು ಪಕ್ಕದ ಕೋಣೆಯಲ್ಲೇ ಇರುತ್ತಾರೆ. ಹಳೆಯ ಕಂಪನಿಗಳ ಪಿಎಫ್ ಖಾತೆಗಳು ಒಂದೇ ಕಾಯಂ ಸದಸ್ಯ ಸಂಖ್ಯೆಯಾದ ಯುಎಎನ್‌ಗೆ ಸೇರಿವೆಯೇ, ಅಲ್ಲಿಂದ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ. ಪಿಂಚಣಿಗೆ ಕನಿಷ್ಠ ಹತ್ತು ವರ್ಷದ ಸೇವೆ ಬೇಕು. ಹಳೆಯ ಸೇವೆ ಸೇರದೆ ಹೋದರೆ ಆ ಹತ್ತೇ ತುಂಬದಿರಬಹುದು.

ನಾಮಿನಿಯನ್ನೂ ನೋಡಿಬಿಡಿ. ಮದುವೆಗೆ ಮುಂಚೆ ತಾಯಿಯ ಹೆಸರು ಬರೆದು ಮರೆತವರು ಎಷ್ಟೋ ಮಂದಿ. ಪಿಎಫ್‌ನಲ್ಲಿ ಹಾಗೆ ಬರೆದ ನಾಮನಿರ್ದೇಶನ ಮದುವೆಯಾದೊಡನೆ ಅಸಿಂಧುವಾಗುತ್ತದೆ, ಹೊಸದಾಗಿ ಕೊಡಬೇಕು.

ಹಂತ 4: ಆರೋಗ್ಯ ವಿಮೆ, ಈ ತಿಂಗಳೇ

ಈ ಪಟ್ಟಿಯಲ್ಲಿ ಒಂದನ್ನೇ ಮಾಡಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ಮೊದಲೇ ಇರುವ ಕಾಯಿಲೆಗಳಿಗೆ ವಿಮಾ ಕಂಪನಿಗಳು ಗರಿಷ್ಠ ಮೂರು ವರ್ಷ ಕಾಯಿಸಬಹುದು ಎಂದು 2024ರಲ್ಲಿ ನಿಯಮವಾಗಿದೆ. 55ಕ್ಕೆ ಸ್ವಂತ ಪಾಲಿಸಿ ತೆಗೆದುಕೊಂಡರೆ ಆ ಮೂರು ವರ್ಷ ಕಂಪನಿಯ ವಿಮೆಯ ನೆರಳಿನಲ್ಲೇ ಕಳೆಯುತ್ತದೆ. 58ಕ್ಕೆ ತೆಗೆದುಕೊಂಡರೆ 61ರವರೆಗೆ ಆ ಕಾಯಿಲೆಗಳ ಆಸ್ಪತ್ರೆ ಖರ್ಚೆಲ್ಲ ನಿಮ್ಮ ತಲೆಯ ಮೇಲೆ.

ಪ್ರೀಮಿಯಂ ದುಬಾರಿ, ನಿಜ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲವೆಂಬುದು ಸ್ವಲ್ಪ ಸಮಾಧಾನ. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ. 'ಬರೆಯದಿದ್ದರೂ ನಡೆಯುತ್ತದೆ' ಎನ್ನುವ ಏಜೆಂಟ್ ಕ್ಲೇಮಿನ ದಿನ ಫೋನ್ ಎತ್ತುವುದಿಲ್ಲ. ಇಎಸ್‌ಐನಲ್ಲಿ (ನೌಕರರ ರಾಜ್ಯ ವಿಮಾ ಯೋಜನೆ) ಇದ್ದು ನಿವೃತ್ತರಾಗುವವರು ಕನಿಷ್ಠ ಐದು ವರ್ಷ ವಿಮಾದಾರರಾಗಿದ್ದರೆ ವರ್ಷಕ್ಕೆ 120 ರೂಪಾಯಿ ಕಟ್ಟಿ ದಂಪತಿಗೆ ಚಿಕಿತ್ಸೆಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಎಪ್ಪತ್ತು ದಾಟಿದವರಿಗೆ ಆಯುಷ್ಮಾನ್ ಭಾರತ್‌ನಲ್ಲಿ ಆದಾಯದ ಮಿತಿಯಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ, ಆದರೆ 58ರಿಂದ 70ರವರೆಗಿನ ದಾರಿಯನ್ನು ನೀವೇ ಸವೆಸಬೇಕು.

ಹಂತ 5: ಹಣ ಹೊರಗೆ ಹೋಗುವ ಬಾಗಿಲು

ಕೊನೆಯ ಮೂರು ವರ್ಷದಲ್ಲಿ ಬಡ್ಡಿಯ ಬೆನ್ನು ಹತ್ತಿ ಗಳಿಸುವುದಕ್ಕಿಂತ, ಹೋಗುವ ಹಣವನ್ನು ತಡೆದು ಉಳಿಸುವುದೇ ಹೆಚ್ಚು. ಇದು ಲೆಕ್ಕಪತ್ರದವನ ಹಟ ಎಂದುಕೊಂಡರೂ ಸರಿ.

ಮನೆ ಸಾಲದ ಕಂತು 62ರವರೆಗೆ ಇದ್ದರೆ ಬೋನಸ್ ಬಂದಾಗಲೆಲ್ಲ ಅಸಲಿಗೆ ಕಟ್ಟಿ. ಬದಲಾಗುವ ಬಡ್ಡಿ ದರದ ಮನೆ ಸಾಲಕ್ಕೆ ಅವಧಿಗೆ ಮುನ್ನ ಕಟ್ಟಿದರೆ ದಂಡವಿಲ್ಲ. ಮಗನ ಓದಿಗೆ ಪಿಎಫ್ ತೆಗೆಯಬೇಡಿ. ಶಿಕ್ಷಣ ಸಾಲ ಸಿಗುತ್ತದೆ, ಓದು ಮುಗಿದ ಮೇಲೆ ಅವನೇ ತೀರಿಸಲಿ. ನಿವೃತ್ತಿಗೆಂದು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಭಾಮೈದುನನ ಸಾಲಕ್ಕೆ ಜಾಮೀನು ಹಾಕಬೇಡಿ, ಹೊಸ ಚೀಟಿಗೆ ಸೇರಬೇಡಿ.

ಮಗಳ ಮದುವೆ ಕಷ್ಟದ ಪ್ರಶ್ನೆ. 'ಒಬ್ಬಳೇ ಮಗಳು' ಎಂಬ ಮಾತಿನ ಮುಂದೆ ಯಾವ ಲೆಕ್ಕವೂ ನಿಲ್ಲುವುದಿಲ್ಲವೆಂದು ನನಗೂ ಗೊತ್ತು, ನನಗೂ ಮಗಳಿದ್ದಾಳೆ. ನಾವು ಮಾಡಿದ್ದು ಇಷ್ಟೇ: ಛತ್ರ ನೋಡುವ ಮುಂಚೆಯೇ ಮೊತ್ತ ನಿಗದಿ ಮಾಡಿ, ಅದನ್ನು ಬೇರೆ ಖಾತೆಗೆ ಹಾಕಿ, ಅದರ ಕಾರ್ಡು ಮಗಳ ಕೈಗೇ ಕೊಟ್ಟೆವು. ಅಡುಗೆಯವರ ಜೊತೆ ಎಲೆಗೆ ಇಪ್ಪತ್ತು ರೂಪಾಯಿ ಚೌಕಾಸಿ ಮಾಡಿದವಳು ಅವಳೇ.

ಹಂತ 6: ಗಂಟು ಎಲ್ಲಿಡುವುದು

ಹಣ ಖಾತೆಗೆ ಬಿದ್ದ ವಾರವೇ ಬ್ಯಾಂಕಿನಿಂದ ಕರೆ ಬರುತ್ತದೆ, ಕಾಫಿ ಬರುತ್ತದೆ, ಹತ್ತು ವರ್ಷ ಪ್ರೀಮಿಯಂ ಕಟ್ಟುವ ವಿಮೆಯೊಂದು ಮೇಜಿನ ಮೇಲೆ ಬರುತ್ತದೆ. ಕಾಫಿ ಕುಡಿದು ಎದ್ದು ಬನ್ನಿ.

ಮೊದಲ ಜಾಗ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ತೆರೆಯಬಹುದು. ಅರವತ್ತು ತುಂಬಿರಬೇಕೆಂಬ ನಿಯಮವಿದ್ದರೂ 55 ದಾಟಿ ನಿವೃತ್ತರಾದವರು ನಿವೃತ್ತಿಯ ಹಣ ಬಂದ ಮೂರು ತಿಂಗಳೊಳಗೆ ಹಾಕಬಹುದು. ಈ ಮೂರು ತಿಂಗಳು ತಪ್ಪಿದರೆ ಅರವತ್ತರವರೆಗೆ ಕಾಯಬೇಕು, ಮರೆಯದಿರಿ. ಮಿತಿ 30 ಲಕ್ಷ. ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಎಂದರೆ ತಿಂಗಳಿಗೆ 20,500. ಹೊಸ ಖಾತೆಗಳ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದರೆ ನೀವು ತೆರೆದ ದಿನದ ದರ ಐದು ವರ್ಷ ಬದಲಾಗುವುದಿಲ್ಲ.

ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರಿಗೆ 9 ಲಕ್ಷ, ಜಂಟಿಯಾಗಿ 15 ಲಕ್ಷ. ಶೇ 7.4ರಂತೆ 9 ಲಕ್ಷಕ್ಕೆ ತಿಂಗಳಿಗೆ 5,550. ಪಿಎಫ್ 34 ಲಕ್ಷ, ಗ್ರಾಚ್ಯುಟಿ ಸುಮಾರು 7 ಲಕ್ಷ ಬಂದವರು ಇವೆರಡರಲ್ಲೂ ತುಂಬಿ, ಪಿಂಚಣಿ ಸೇರಿಸಿದರೆ ತಿಂಗಳಿಗೆ ಸುಮಾರು 31,000. ಬೇಕಾದದ್ದು 45,000. ಈ 14,000ದ ಕೊರತೆ ಐವತ್ತೈದಕ್ಕೇ ಕಂಡರೆ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡಲು ಸಿದ್ಧ ಮಾಡಬಹುದು, ಎರಡು ವರ್ಷ ಗುತ್ತಿಗೆ ಮೇಲೆ ಕೆಲಸ ಹುಡುಕಬಹುದು, ವಿಪಿಎಫ್ ಹೆಚ್ಚಿಸಬಹುದು. ಬೀಳ್ಕೊಡುಗೆಯ ದಿನ ಕಂಡರೆ ಏನೂ ತೋಚುವುದಿಲ್ಲ.

ಇನ್ನೊಂದು ಮಾತು. ಮೇಲಿನ ಬಡ್ಡಿಯಾಗಲಿ ಇಪಿಎಸ್ ಪಿಂಚಣಿಯಾಗಲಿ ಬೆಲೆ ಏರಿದಂತೆ ಏರುವುದಿಲ್ಲ. ಹಾಗಾಗಿ ಸಂಬಳ ಬರುತ್ತಿರುವಾಗಲೇ ಮುಂದಿನ ಏಳೆಂಟು ವರ್ಷ ಮುಟ್ಟಬೇಕಿಲ್ಲದ ಒಂದಿಷ್ಟು ಹಣವನ್ನು ಮ್ಯೂಚುವಲ್ ಫಂಡ್‌ಗೆ ತಿಂಗಳ ಕಂತಿನಲ್ಲಿ ಹಾಕುತ್ತ ಬರುವುದು ಒಳ್ಳೆಯದು. ಷೇರು ಮಾರುಕಟ್ಟೆ ಬಿದ್ದ ವರ್ಷ ನಿದ್ದೆ ಕೆಡುವವರು ಕಡಿಮೆ ಹಾಕಲಿ.

ಒಂದು ಒಂದೂವರೆ ಶೇಕಡಾ ಹೆಚ್ಚು ಸಿಗುತ್ತದೆಂದು ಎಲ್ಲವನ್ನೂ ಒಂದೇ ಸಹಕಾರಿ ಬ್ಯಾಂಕಿನಲ್ಲಿ ಇಡಬೇಡಿ. 2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದಕ್ಕೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, 35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಬಾಗಿಲ ಮುಂದೆ ನಿಂತಿದ್ದವರಲ್ಲಿ ನಿವೃತ್ತರು ಬಹಳ ಮಂದಿ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಪತ್ತಿನ ಸೊಸೈಟಿಗಳಿಗೆ ಅದೂ ಇಲ್ಲ.

ಹಂತ 7: ಮನೆ ಯಾರ ಹೆಸರಿಗೆ?

'ಹೇಗಿದ್ದರೂ ಮಕ್ಕಳಿಗೇ ತಾನೆ, ಈಗಲೇ ಬರೆದುಕೊಟ್ಟರೆ ಆಯಿತಲ್ಲ' ಎಂಬ ಮಾತು ನಿವೃತ್ತಿಯ ಆಸುಪಾಸಿನಲ್ಲಿ ಬಂದೇ ಬರುತ್ತದೆ. ಬೇಡ. ಬರೆಯಲೇಬೇಕಾದರೆ ದಾನಪತ್ರದಲ್ಲಿ 'ನಮ್ಮಿಬ್ಬರ ಪಾಲನೆ ಪೋಷಣೆ ಮಾಡಬೇಕು' ಎಂಬ ಷರತ್ತನ್ನು ಸ್ಪಷ್ಟವಾಗಿ ಹಾಕಿಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೆಯ ಸೆಕ್ಷನ್ ಪ್ರಕಾರ, ಆ ಷರತ್ತು ಮುರಿದರೆ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಿಕೊಳ್ಳಬಹುದು. ಷರತ್ತು ಬರೆಯದೆ ಕೊಟ್ಟವರು ಅಲೆದಾಡಿದ್ದಾರೆ.

ಅದಕ್ಕಿಂತ ಉಯಿಲು ವಾಸಿ. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆಯ ಮೇಲೆ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರಿಂದಲೂ ಸಹಿ ಹಾಕಿಸಿದರೆ ನಡೆಯುತ್ತದೆ. ಮನಸ್ಸು ಬದಲಾದರೆ ಬೇರೆ ಬರೆಯಬಹುದು, ಮನೆ ಅಲ್ಲಿಯವರೆಗೆ ನಿಮ್ಮದೇ. ಸಾಕ್ಷಿಗಳು ಆಸ್ತಿಯಲ್ಲಿ ಪಾಲು ಪಡೆಯುವವರಾಗಿರಬಾರದು. ಜೊತೆಗೆ ಒಂದಿಷ್ಟಾದರೂ ನಿಮಗಿಂತ ಚಿಕ್ಕವರನ್ನು ಆರಿಸಿ. ನಮ್ಮ ಪರಿಚಯದವರೊಬ್ಬರು ತಮ್ಮ ಇಬ್ಬರು ಹೈಸ್ಕೂಲ್ ಮೇಷ್ಟರಿಂದ ಸಾಕ್ಷಿ ಹಾಕಿಸಿದ್ದರು.