ಕ್ಲಿನಿಕ್‌ನಲ್ಲಿ ಆಂಟಿಬಯೋಟಿಕ್ ಕಡಿಮೆ ಬರೆಯುವುದು ಹೇಗೆ

ಊರಲ್ಲಿ ಕ್ಲಿನಿಕ್ ನಡೆಸುವ ನಮ್ಮಂಥ ಡಾಕ್ಟರುಗಳಿಗೆ ಇದು. ದೊಡ್ಡ ಆಸ್ಪತ್ರೆಯಲ್ಲಿ ಕಲ್ಚರ್ ರಿಪೋರ್ಟ್ ಸಿಗುತ್ತದೆ, ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಅಂತ ಗೊತ್ತಾಗುತ್ತದೆ. ನಮ್ಮ ಹತ್ತಿರ ಸ್ಟೆತಸ್ಕೋಪು, ಟಾರ್ಚು, ಥರ್ಮಾಮೀಟರು, ಹೊರಗೆ ಬೆಂಚಿನ ತುಂಬಾ ಜನ. ಅಷ್ಟರಲ್ಲೇ ಏನು ಮಾಡಬಹುದು ಅಂತ ಹೇಳುತ್ತೇನೆ.

ಮೊದಲು ನಿಮ್ಮದೇ ಚೀಟಿ ಎಣಿಸಿ. ನೆಗಡಿ, ಕೆಮ್ಮು, ಗಂಟಲು ನೋವು, ಭೇದಿ ಇಷ್ಟನ್ನೇ ಆರಿಸಿ 50 ಕೇಸು ನೋಡಿ. ಎಷ್ಟಕ್ಕೆ ಆಂಟಿಬಯೋಟಿಕ್ ಹೋಗಿದೆ, ಯಾಕೆ ಹೋಗಿದೆ ಅಂತ ಪಕ್ಕದಲ್ಲಿ ಬರೆಯಿರಿ. ನಾನು ಮೊದಲ ಸಲ ಕೂತಾಗ ಎಷ್ಟೋ ಚೀಟಿಗೆ ಕಾರಣ ಬರೆಯಲು ಆಗಲೇ ಇಲ್ಲ, ಬೇಜಾರಾಯಿತು. ಆವತ್ತಿನಿಂದ ಆಂಟಿಬಯೋಟಿಕ್ ಹೆಸರಿನ ಕೆಳಗೇ ಕಾರಣವನ್ನೂ ಬರೆಯುತ್ತೇನೆ. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ವೈದ್ಯರಿಗೆ ಪತ್ರ ಬರೆದು ಕೇಳಿದ್ದೂ ಇದನ್ನೇ. ಮಾಡಿ ನೋಡಿ, ವೈರಸ್‌ಗೆ ಆಂಟಿಬಯೋಟಿಕ್ ನಾಟುವುದಿಲ್ಲ ಅಂತ ಗೊತ್ತಿದ್ದೂ 'ವೈರಲ್ ಜ್ವರ, ಆದರೂ ಇರಲಿ' ಅಂತ ಬರೆಯಲು ಪೆನ್ನು ಓಡುವುದಿಲ್ಲ.

ಆಮೇಲೆ ಮಾತು. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಆಗುತ್ತದೆ.

ಮೂರು ವರ್ಷದ ಮಗು, ಎರಡು ದಿನದಿಂದ ನೆಗಡಿ, ಜ್ವರ. "ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ, ನಾಳೆ ನಾನು ಕೆಲಸಕ್ಕೆ ಹೋಗಬೇಕು" ಅಂತಾರೆ ತಾಯಿ. ಮಗುವಿನ ಅಂಗಿ ಮೇಲೆತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಆ ಒಂದು ನಿಮಿಷ ತಾಯಿಯೂ ನಿಮ್ಮ ಜೊತೆ ಮಗುವಿನ ಹೊಟ್ಟೆಯನ್ನೇ ನೋಡುತ್ತಿರುತ್ತಾರೆ. 32 ಬಂತು ಅನ್ನಿ. ಜೋರಾಗಿಯೇ ಹೇಳಿ: "ನೋಡಮ್ಮ, ಈ ವಯಸ್ಸಿಗೆ ನಿಮಿಷಕ್ಕೆ 40 ಮುಟ್ಟಿದರೆ ನ್ಯುಮೋನಿಯಾ ಅಂತ ಯೋಚನೆ ಮಾಡಬೇಕು, ಇವನಿಗೆ 32 ಇದೆ. ಪಕ್ಕೆ ಒಳಗೆ ಸೆಳೆಯುತ್ತಿಲ್ಲ, ಕಿವಿ ಚೆನ್ನಾಗಿದೆ. ಜ್ವರ ಇನ್ನೆರಡು ದಿನ ಬರಬಹುದು, ಕೆಮ್ಮು ಎರಡು ಮೂರು ವಾರ ಇರಬಹುದು. ಉಸಿರು ಜೋರಾದರೆ, ನೀರು ಕುಡಿಯದಿದ್ದರೆ, ಮಂಕಾದರೆ ರಾತ್ರಿಯಾದರೂ ಕರೆದುಕೊಂಡು ಬನ್ನಿ." ಕೆಮ್ಮು ಎಷ್ಟು ದಿನ ಅಂತ ಹೇಳದೆ ಕಳಿಸಿದರೆ ಐದನೇ ದಿನಕ್ಕೆ ಇನ್ನೊಂದು ಕಡೆ ಹೋಗಿ ಸೆಫಿಕ್ಸಿಮ್ ಅನ್ನುವ ಆಂಟಿಬಯೋಟಿಕ್ ಸಿರಪ್ ತರುತ್ತಾರೆ. ಇನ್ನೊಂದು, ಸುಮ್ನೆ "ಏನೂ ಆಗಿಲ್ಲ" ಅನ್ನಬೇಡಿ. ಮಗು ರಾತ್ರಿಯೆಲ್ಲ ಕೆಮ್ಮಿದೆ, ಅವರು ನಿದ್ದೆಗೆಟ್ಟು ಬಂದಿದ್ದಾರೆ ಅಲ್ವಾ.

ಅನುಮಾನ ಇದ್ದರೆ? ಬ್ರಿಟನ್ನಿನಲ್ಲಿ ಚೀಟಿ ಕೊಟ್ಟು, ಕೆಲವು ದಿನ ಕಾದು ಕಡಿಮೆಯಾಗದಿದ್ದರೆ ಮಾತ್ರ ಔಷಧಿ ತಗೊಳ್ಳಿ ಅನ್ನುವ ಪದ್ಧತಿ ಇದೆ. ನಮ್ಮಲ್ಲಿ ಅದು ನಡೆಯುವುದು ಕಷ್ಟ, ಚೀಟಿ ಕೈಗೆ ಬಂದ ಐದು ನಿಮಿಷಕ್ಕೆ ಎದುರಿನ ಮೆಡಿಕಲ್‌ನಲ್ಲಿ ಮಾತ್ರೆ ಸಿಕ್ಕಿಬಿಡುತ್ತದೆ. ಅದಕ್ಕೆ ನಾನು 'ನಾಡಿದ್ದು ಬನ್ನಿ, ಫೀಸು ಬೇಡ' ಅಂತ ಚೀಟಿ ಮೇಲೇ ಬರೆಯುತ್ತೇನೆ. ಬಹಳ ಜನ ಬರುವುದೇ ಇಲ್ಲ, ಆಮೇಲೆ ಸಂತೆಯಲ್ಲಿ ಸಿಕ್ಕಿ "ಅವತ್ತೇ ಹುಷಾರಾಯ್ತು" ಅಂತಾರೆ.

ಗಂಟಲಿಗೆ ಟಾರ್ಚು ಹಾಕಿದಾಗ ಬ್ಯಾಕ್ಟೀರಿಯಾ ಅನುಮಾನಿಸಲು ನಾಲ್ಕು ನೋಡಿ: ಜ್ವರ ಇದೆಯಾ, ಟಾನ್ಸಿಲ್ ಮೇಲೆ ಕೀವು ಇದೆಯಾ, ಕುತ್ತಿಗೆ ಮುಂದಿನ ಗಂಟು ಮುಟ್ಟಿದರೆ ನೋವಾ, ಕೆಮ್ಮು ಇಲ್ಲವಾ. ಒಂದೋ ಎರಡೋ ಮಾತ್ರ ಇದ್ದರೆ ಉಪ್ಪುನೀರು, ಪ್ಯಾರಸಿಟಮಾಲ್ ಸಾಕು. ಭೇದಿಗೆ ಓಆರ್‌ಎಸ್, ಮಕ್ಕಳಿಗೆ ಜೊತೆಗೆ ಜಿಂಕ್. ಮಲದಲ್ಲಿ ರಕ್ತ ಇದ್ದರೆ, ಕಾಲರಾ ಅನುಮಾನ ಇದ್ದರೆ ಮಾತು ಬೇರೆ. ಭೇದಿ ಅಂದ ಕೂಡಲೇ ಬರೆಯುವ ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿ ಮಾತ್ರೆ ಇದೆಯಲ್ಲ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡ ಅನ್ನುವ ಪಟ್ಟಿಗೇ ಹಾಕಿದೆ.

ಕೊಡಲೇಬೇಕಾದಾಗ ಯಾವುದು? ಅದೇ ಸಂಸ್ಥೆ 2017ರಲ್ಲಿ ಆಂಟಿಬಯೋಟಿಕ್‌ಗಳನ್ನು ಆಕ್ಸೆಸ್ (ಮೊದಲು ಕೊಡುವಂಥವು), ವಾಚ್ (ಎಚ್ಚರದಿಂದ ಕೊಡಬೇಕಾದವು), ರಿಸರ್ವ್ (ಕೊನೆಗೆ ಉಳಿಸಿಡಬೇಕಾದವು) ಅಂತ ಮೂರು ಗುಂಪು ಮಾಡಿತು. ಅಮಾಕ್ಸಿಸಿಲಿನ್, ಸೆಫಲೆಕ್ಸಿನ್, ಡಾಕ್ಸಿಸೈಕ್ಲಿನ್, ನೈಟ್ರೊಫ್ಯುರಾಂಟಾಯಿನ್ ಮೊದಲ ಗುಂಪು. ನಮ್ಮ ಕೈಗೆ ಮೊದಲು ಬರುವ ಅಜಿತ್ರೊಮೈಸಿನ್, ಸೆಫಿಕ್ಸಿಮ್, ಸಿಪ್ರೊಫ್ಲಾಕ್ಸಾಸಿನ್ ಎಲ್ಲ ಎರಡನೆಯದು. ಅಭ್ಯಾಸ ಬದಲಾಯಿಸಲು ಮೊದಲ ಗುಂಪಿನ ಹೆಸರುಗಳನ್ನು ಡೋಸ್ ಸಮೇತ ಒಂದು ಕಾರ್ಡಿನಲ್ಲಿ ಬರೆದು ಟೇಬಲ್ ಗಾಜಿನ ಕೆಳಗೆ ಇಡಿ.

ಎರಡನೇ ಗುಂಪಿನದೇ ಆದ ಲಿವೊಫ್ಲಾಕ್ಸಾಸಿನ್ ಬಗ್ಗೆ ಬೇರೆಯೇ ಹೇಳಬೇಕು. ಒಬ್ಬ ಅಜ್ಜಿ ಒಂದೂವರೆ ತಿಂಗಳ ಕೆಮ್ಮು ಹಿಡಿದು ಬಂದರು. ಪ್ಲಾಸ್ಟಿಕ್ ಕವರು ಸುರಿದರೆ ಮೂರು ಕಡೆಯ ಖಾಲಿ ಸ್ಟ್ರಿಪ್, ಮೂರೂ ಲಿವೊಫ್ಲಾಕ್ಸಾಸಿನ್. ಪ್ರತಿ ಸಲ ಸ್ವಲ್ಪ ಕಡಿಮೆಯಾಗಿ ಮತ್ತೆ ಶುರುವಾಗುತ್ತಿತ್ತು. ಕಫ ಪರೀಕ್ಷೆ ಮಾಡಿಸಿದರೆ ಟಿಬಿ. ಆ ಮಾತ್ರೆ ಟಿಬಿ ರೋಗಾಣುವನ್ನೂ ಸ್ವಲ್ಪ ತಗ್ಗಿಸುತ್ತದೆ, ಹಾಗಾಗಿ ಕಾಯಿಲೆ ಮರೆಯಾಗಿ ಪತ್ತೆ ತಡವಾಗುತ್ತದೆ. ಅಷ್ಟು ದಿನ ಮನೆಯವರಿಗೂ ಹರಡುತ್ತಿರುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕಡಿಮೆ ಬರೆಯಿರಿ ಅಂದ ಮಾತ್ರಕ್ಕೆ ಬೇಕಾದವರಿಗೆ ತಡ ಮಾಡಬೇಡಿ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಕಡೆ ಗದ್ದೆಯಲ್ಲಿ ದುಡಿಯುವವರಿಗೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಇದ್ದರೆ ಇಲಿಜ್ವರ ಅಂತ ಅನುಮಾನಿಸಿ ರಿಪೋರ್ಟ್‌ಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡಿ. ಬಿಡದ ಜ್ವರಕ್ಕೆ ಕಂಕುಳು, ತೊಡೆಸಂದು ನೋಡಿ, ಕಪ್ಪು ಹಕ್ಕಳೆ ಕಂಡರೆ ಸ್ಕ್ರಬ್ ಟೈಫಸ್ (ಸಣ್ಣ ಹುಳ ಕಚ್ಚಿ ಬರುವ ಜ್ವರ), ಅದಕ್ಕೂ ಅದೇ ಮಾತ್ರೆ.

ಮೆಡಿಕಲ್ ಶಾಪ್‌ನವರ ಜೊತೆ ಒಂದು ಸಲ ಟೀ ಕುಡಿಯುತ್ತಾ ಮಾತಾಡಿ. ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್ ಥರದವು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅನ್ನುವ, ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಯಲ್ಲಿವೆ, ಮಾರಿದ್ದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಅವರಿಗೆ ಗೊತ್ತು, ಆದರೆ ಗಿರಾಕಿ ಬಿಟ್ಟುಹೋದಾನು ಅನ್ನುವ ಭಯ. ನನ್ನ ಹಳೇ ಚೀಟಿ ತಂದರೆ ಕೊಡಬೇಡಿ, ನನಗೊಂದು ಫೋನ್ ಮಾಡಿ ಅಂತ ನೀವೇ ಹೇಳಿದರೆ ಅವರಿಗೂ ಧೈರ್ಯ. ಚೀಟಿ ಮೇಲೆ ತಾರೀಖು, ಎಷ್ಟು ದಿನ, 'ಮತ್ತೆ ಕೊಡಬಾರದು' ಅಂತ ಮೂರೂ ಬರೆಯಿರಿ.

ಮೂರು ತಿಂಗಳು ಬಿಟ್ಟು ಮತ್ತೆ 50 ಚೀಟಿ ಎಣಿಸಿ. ಮಳೆಗಾಲದ ಲೆಕ್ಕವನ್ನು ಬೇಸಿಗೆಯ ಜೊತೆ ಹೋಲಿಸಬೇಡಿ, ಹೋದ ಮಳೆಗಾಲದ ಪುಟ ತೆಗೆದು ಪಕ್ಕದಲ್ಲಿಟ್ಟು ನೋಡಿ.