ಇಬ್ಬರೇ ಉಳಿದ ಮನೆಯಲ್ಲಿ ಅಡುಗೆ, ಉಪ್ಪು, ಮಾತ್ರೆ: ಅಳತೆಯನ್ನು ಬದಲಿಸಿಕೊಳ್ಳುವ ಬಗೆ

ನಿವೃತ್ತಿಯ ನಂತರ ಮನೆಯಲ್ಲಿ ಮೊದಲು ಬದಲಾಗಬೇಕಾದದ್ದು ಅಳತೆ. ಮಕ್ಕಳು ಓದು, ಉದ್ಯೋಗ, ಮದುವೆಗಳೆಂದು ಒಬ್ಬೊಬ್ಬರಾಗಿ ಹೊರಟುಹೋಗಿ ಗಂಡಹೆಂಡತಿ ಇಬ್ಬರೇ ಉಳಿದ ಮೇಲೂ, ಮೂವತ್ತು ವರ್ಷ ಐದಾರು ಮಂದಿಗೆ ಬೇಯಿಸಿ ಪಳಗಿದ ಕೈ ಅದೇ ಪಾವಿನಲ್ಲಿ ಅಕ್ಕಿ ಅಳೆಯುತ್ತದೆ, ಅದೇ ಹಿಡಿಯಲ್ಲಿ ಬೇಳೆ ಹಾಕುತ್ತದೆ. ಉಳಿದ ಅನ್ನವನ್ನು ಚೆಲ್ಲಲು ಮನಸ್ಸು ಬಾರದೆ ರಾತ್ರಿ ಅದನ್ನೇ ಉಂಡು, ಆಗಲೂ ಮಿಕ್ಕದ್ದಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕುತ್ತೇವೆ. ನಾನು ನಿವೃತ್ತನಾದ ಮೊದಲ ವರ್ಷ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಚಿತ್ರಾನ್ನವೇ ತಿಂಡಿಯಾಗಿತ್ತು. ರಕ್ತದ ಸಕ್ಕರೆಯೂ ಅದಕ್ಕೆ ತಕ್ಕಂತೆಯೇ ಇತ್ತು.

ಆದ್ದರಿಂದ ಐದು ಲೀಟರಿನ ಕುಕ್ಕರನ್ನು ಅಟ್ಟಕ್ಕೇರಿಸಿ, ಎರಡು ಲೀಟರಿನ ಒಂದು ಕುಕ್ಕರನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳುವುದರಿಂದ ಆರಂಭಿಸಬಹುದು. ದೊಡ್ಡ ಪಾತ್ರೆ ಎದುರಿಗಿದ್ದರೆ ಅದರ ತಳ ಮುಚ್ಚುವಷ್ಟಾದರೂ ಹಾಕಬೇಕೆಂಬ ಆಸೆ ಕೈಗೆ ತಾನಾಗಿಯೇ ಬರುತ್ತದೆ. ಇಬ್ಬರಿಗೆ ಒಂದು ಹೊತ್ತಿಗೆ ಅರ್ಧ ಪಾವು ಅಕ್ಕಿಯಿಂದ ಶುರುಮಾಡಿ, ಒಂದು ವಾರ ಎಷ್ಟು ಉಳಿಯುತ್ತದೆ ಅಥವಾ ಸಾಲದಾಗುತ್ತದೆ ಎಂಬುದನ್ನು ನೋಡಿ, ಹಿಡಿಯಷ್ಟು ಹೆಚ್ಚುಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು. ಅಕ್ಕಿ ತಗ್ಗಿದ ಜಾಗವನ್ನು ಪಲ್ಯ, ಕೋಸಂಬರಿ, ಕಾಳಿನ ಹುಳಿ ತುಂಬಬೇಕು. ವಯಸ್ಸಾದಂತೆ ಹಸಿವು ಇಳಿದು, ಮೊಸರನ್ನ ತಿಂದರೆ ಸಾಕೆನಿಸುವ ದಿನಗಳು ಹೆಚ್ಚಾಗುತ್ತವೆ. ತೋಳು ತೊಡೆಗಳ ಸ್ನಾಯು ಕರಗುವುದೂ ಆಗಲೇ. ಹಲ್ಲಿನ ತೊಂದರೆಯಿದ್ದವರು ಕಾಳನ್ನು ಬಿಡುವ ಬದಲು ರಾತ್ರಿ ನೆನೆಸಿ ಒಂದೆರಡು ಕೂಗು ಹೆಚ್ಚಿಗೆ ಕೂಗಿಸಿಕೊಳ್ಳಲಿ. ರಾಗಿಯಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇರುವುದು ನಿಜ, ಆದರೆ ರಾಗಿಯಲ್ಲವೇ ಎಂದು ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಕಾಯಿಲೆ ಒಪ್ಪುವುದಿಲ್ಲ.

ಉಪ್ಪಿನ ಲೆಕ್ಕಕ್ಕೆ ನಾನು ಕಂಡುಕೊಂಡ ಸುಲಭದ ದಾರಿಯೆಂದರೆ ಪೊಟ್ಟಣ ಒಡೆದ ದಿನವೇ ಅದರ ಮೇಲೆ ತಾರೀಖು ಬರೆಯುವುದು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ಹೇಳುತ್ತದೆ. ಅದು ಮಟ್ಟಸವಾದ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಇಬ್ಬರಿಗೆ ದಿನಕ್ಕೆ 10 ಗ್ರಾಂ ಎಂದು ಹಿಡಿದರೂ ಒಂದು ಕಿಲೋ ಪೊಟ್ಟಣ ನೂರು ದಿನ ಬರಬೇಕು. ನಮ್ಮದು ಮೊದಲ ಸಲ ನಲವತ್ತೇ ದಿನಕ್ಕೆ ಮುಗಿಯಿತು, ಅದೂ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ಖಾರ ಬಿಸ್ಕತ್ತುಗಳನ್ನು ಲೆಕ್ಕಕ್ಕೆ ಹಿಡಿಯದೆ. ಒಂದೇ ದಿನ ಅರ್ಧಕ್ಕಿಳಿಸಿದರೆ ಊಟ ಮನೆಯಲ್ಲಿ ಜಗಳ ತರುತ್ತದೆ. ವಾರಕ್ಕಿಷ್ಟು ಎಂದು ಇಳಿಸುತ್ತ ಹೋದರೆ ಕೆಲವೇ ವಾರಗಳಲ್ಲಿ ನಾಲಗೆ ಒಗ್ಗಿಕೊಳ್ಳುತ್ತದೆ, ಮತ್ತು ನಿಂಬೆಹಣ್ಣು, ಜೀರಿಗೆ, ಇಂಗು, ಕೊತ್ತಂಬರಿ ಸೊಪ್ಪು ಕೊರತೆಯನ್ನು ಬಹುಮಟ್ಟಿಗೆ ಮರೆಸುತ್ತವೆ. ಮೊಸರನ್ನಕ್ಕೆ ಉಪ್ಪಿನಕಾಯಿ ನಂಚಿಕೊಳ್ಳುವವರು ಅನ್ನಕ್ಕೆ ಉಪ್ಪು ಬೆರೆಸುವ ಅಗತ್ಯವೇ ಇಲ್ಲ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪನ್ನು ಮಾತ್ರ ವೈದ್ಯರನ್ನು ಕೇಳದೆ ತರಬೇಡಿ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆಯಿದ್ದವರಿಗೂ ಟೆಲ್ಮಿಸಾರ್ಟನ್‌ನಂತಹ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೂ ಅಪಾಯವಾಗಬಹುದು.

ಸಾರಿನ ಪುಡಿಯನ್ನೂ ಇಬ್ಬರ ಅಳತೆಗೆ ಇಳಿಸಬೇಕು, ಏಕೆಂದರೆ ಆರು ತಿಂಗಳಿಗೆಂದು ಗಿರಣಿಗೆ ಕೊಟ್ಟು ಬೀಸಿಸಿದ ಪುಡಿ ಮೂರನೆಯ ತಿಂಗಳಿಗೇ ಪರಿಮಳ ಕಳೆದುಕೊಂಡು, ರುಚಿ ಸಾಲದೆಂದು ಮತ್ತೆ ಉಪ್ಪು ಖಾರ ಹೆಚ್ಚಿಸುವಂತೆ ಮಾಡುತ್ತದೆ. ಒಂದು ತಿಂಗಳಿಗೆ 100 ಗ್ರಾಂ ಕೊತ್ತಂಬರಿ ಬೀಜ, 50 ಗ್ರಾಂ ಬ್ಯಾಡಗಿ ಮೆಣಸಿನಕಾಯಿ, ಎರಡೆರಡು ಚಮಚ ಜೀರಿಗೆ ಮತ್ತು ಕಾಳುಮೆಣಸು, ಒಂದೊಂದು ಚಮಚ ಮೆಂತ್ಯ ಮತ್ತು ಸಾಸಿವೆ, ಒಂದು ಹಿಡಿ ಕರಿಬೇವು ಸಾಕಾಗುತ್ತದೆ. ಬ್ಯಾಡಗಿಯು ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಕಾಯಿಯಾದ್ದರಿಂದ ಎದೆಯುರಿಯವರಿಗೆ ಹಿತ. ಒಂದೊಂದನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಹೊಂಬಣ್ಣ ದಾಟಿ ಕಂದಿದರೆ ಇಡೀ ಡಬ್ಬಿ ಕಹಿಯಾಗುತ್ತದೆ, ಅದನ್ನು ಸರಿಪಡಿಸುವ ಉಪಾಯವಿಲ್ಲ.

ಬೇಳೆ ಬೇಯಿಸಲು ಬೇಸರವಾದ ದಿನಕ್ಕೆ ಮಲೆನಾಡಿನವರ ತಂಬುಳಿಯಷ್ಟು ಅನುಕೂಲದ ಅಡುಗೆ ಇನ್ನೊಂದಿಲ್ಲ. ಕುಂಡದಲ್ಲಿ ಬೆಳೆದ ದೊಡ್ಡಪತ್ರೆಯ ಹತ್ತು ಎಲೆಗಳನ್ನು ಅರ್ಧ ಚಮಚ ತುಪ್ಪದಲ್ಲಿ ಕಾಲು ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನೊಡನೆ ಬಾಡಿಸಿದಾಗ, ದಪ್ಪನೆಯ ಎಲೆ ನೀರು ಬಿಟ್ಟು ಮುದುಡಿ, ಹಸಿರು ತಿರುಗಿ, ಓಮದಂತಹ ವಾಸನೆ ಮನೆಯಿಡೀ ಹರಡುತ್ತದೆ. ಆರಿದ ಮೇಲೆ ಎರಡು ಚಮಚ ತೆಂಗಿನ ತುರಿಯೊಡನೆ ನುಣ್ಣಗೆ ರುಬ್ಬಿ, ಒಂದು ಲೋಟ ಕಡೆದ ಮಜ್ಜಿಗೆಗೆ ಬೆರೆಸಿ, ಚಿಟಿಕೆ ಉಪ್ಪು ಹಾಕಿ ಸಾಸಿವೆ ಒಗ್ಗರಣೆ ಕೊಟ್ಟರೆ ಮುಗಿಯಿತು. ತಂಬುಳಿಯನ್ನು ಕುದಿಸಬಾರದು. ಒಂದೆಲಗ, ಶುಂಠಿ, ನೆಲ್ಲಿಕಾಯಿಗಳಿಂದಲೂ ಹೀಗೆಯೇ ಮಾಡಬಹುದು.

ಇನ್ನು ಕೆಲಸದ ಹಂಚಿಕೆ. ಸರ್ಕಾರ ಅರವತ್ತಕ್ಕೆ ನೌಕರನಿಗೆ ನಿವೃತ್ತಿ ಕೊಡುತ್ತದೆ. ಅವನ ಮನೆಯಾಕೆಗೆ ಅಂತಹ ಆದೇಶವನ್ನು ಯಾರೂ ಕಳುಹಿಸುವುದಿಲ್ಲ. ಗಂಡಸರು ‘ಸಹಾಯ’ ಮಾಡಲು ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬಿ ಎಲ್ಲಿದೆ, ಬಾಣಲೆ ಯಾವುದು ಎಂದು ಕೇಳುತ್ತ ನಿಲ್ಲುವುದರಿಂದ ಆಕೆಯ ಕೆಲಸ ಇಮ್ಮಡಿಯಾಗುತ್ತದೆಯೇ ಹೊರತು ತಗ್ಗುವುದಿಲ್ಲ. ಅದರ ಬದಲು ಒಂದು ಹೊತ್ತನ್ನು ಪೂರ್ತಿಯಾಗಿ ವಹಿಸಿಕೊಳ್ಳಬೇಕು. ಬೆಳಗಿನ ಕಾಫಿ ಮತ್ತು ತಿಂಡಿ ನನ್ನದು: ಹಿಂದಿನ ರಾತ್ರಿ ಏನೆಂದು ತೀರ್ಮಾನಿಸುವುದು, ತರಕಾರಿ ತರುವುದು, ಹೆಚ್ಚುವುದು, ಮಾಡುವುದು, ಒಲೆ ಒರೆಸಿ ಪಾತ್ರೆ ತೊಳೆದಿಡುವುದು ಎಲ್ಲವೂ ಅದರಲ್ಲಿ ಸೇರಿವೆ. ಮೊದಲ ತಿಂಗಳು ಉಪ್ಪಿಟ್ಟು ಗಂಟುಗಂಟಾಯಿತು; ಆಕೆ ಏನೂ ಅನ್ನದೆ ತಿಂದಳು, ಅದು ದೊಡ್ಡ ಉಪಕಾರ.

ಮಾತ್ರೆಗಳ ವಿಷಯಕ್ಕೆ ಬರುವಾಗ ನನ್ನ ತಪ್ಪನ್ನೇ ಹೇಳುವುದು ಸರಿ. ಒಮ್ಮೆ ರಕ್ತದೊತ್ತಡದ ಮಾತ್ರೆ ತೀರುವ ಮೊದಲೇ ಹೊಸದನ್ನು ತಂದೆ; ಅಂಗಡಿಯವರು ಬೇರೆ ಕಂಪನಿಯದನ್ನು ಕೊಟ್ಟಿದ್ದರು. ಹೆಸರೂ ಬಣ್ಣವೂ ಬೇರೆಯಾಗಿದ್ದ ಕಾರಣ ಅದನ್ನು ಹೊಸ ಔಷಧವೆಂದೇ ತಿಳಿದು, ಹಳೆಯದರ ಜೊತೆಗೆ ನಾಲ್ಕು ದಿನ ನುಂಗಿದೆ. ಐದನೆಯ ದಿನ ದೇವರ ಮನೆಯಲ್ಲಿ ಕೂತು ಏಳುವಾಗ ಕಣ್ಣು ಕತ್ತಲೆಗಟ್ಟಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತೆ. ನನ್ನಾಕೆ ಭೂತಕನ್ನಡಿ ತಂದು ಎರಡೂ ಪಟ್ಟಿಗಳ ಬೆನ್ನನ್ನು ಓದಿ, “ರೀ, ಎರಡರಲ್ಲೂ ಅಮ್ಲೋಡಿಪಿನ್ ಅಂತಲೇ ಇದೆಯಲ್ಲ?” ಎಂದಳು. ಅಂದಿನಿಂದ ಕಂಪನಿಯ ಹೆಸರನ್ನು ಬಿಟ್ಟು, ಒಳಗಿರುವ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಕಾಯಿಲೆಗೆ, ಯಾವ ಹೊತ್ತಿಗೆ ಎಂಬ ನಾಲ್ಕು ಕಲಮುಗಳ ಒಂದು ಹಾಳೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇವೆ. ಅದರ ಫೋಟೋ ಮಗಳ ಫೋನಿನಲ್ಲೂ ಇದೆ. ಹೊಸ ಮಾತ್ರೆ ಮನೆಗೆ ಬಂದ ದಿನ ಮೊದಲು ಹಾಳೆ ತಿದ್ದಬೇಕು, ಆಮೇಲೆ ಪಟ್ಟಿ ಒಡೆಯಬೇಕು.

ಹೊತ್ತಿನ ವಿಷಯದಲ್ಲಿ ಎರಡು ಮಾತು. ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ಬರೀ ನೀರಿನೊಡನೆ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳನ್ನು ಅದರಿಂದ ನಾಲ್ಕು ಗಂಟೆ ದೂರವಿಡಬೇಕು. ಡಿಕಾಕ್ಷನ್ ಇಳಿಯುವ ಪರಿಮಳ ಬರುತ್ತಿರುವಾಗ ಕಾಯುವುದು ಕಷ್ಟ, ಆದ್ದರಿಂದ ನಾನು ಆಕೆ ಮಾತ್ರೆ ನುಂಗಿದ ಮೇಲೆಯೇ ಫಿಲ್ಟರಿಗೆ ಬಿಸಿನೀರು ಹಾಕುತ್ತೇನೆ. ಇನ್ನು ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ಅನ್ನು ಬಹುಕಾಲ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಪಾದ ಜೋಮು ಹಿಡಿಯುವುದನ್ನು ವಯಸ್ಸಿನ ತಲೆಗೆ ಕಟ್ಟದೆ ರಕ್ತಪರೀಕ್ಷೆಯ ಬಗ್ಗೆ ಕೇಳಿ.

ಸಣ್ಣಪುಟ್ಟ ಕಾಯಿಲೆಗಳಿಗೆ ಮನೆಮದ್ದು ಬೇಕೇ ಬೇಕು, ಆದರೆ ಅದಕ್ಕೂ ಅಳತೆಯಿದೆ. ನೆಗಡಿಗೆ ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಶುಂಠಿಯ ಕಷಾಯ ಹಿತವೇ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಲಿ. ಅಂಗಡಿಯ ನೆಗಡಿ ಮಾತ್ರೆಗಳು ರಕ್ತದೊತ್ತಡ ಏರಿಸಬಹುದು, ಪ್ರಾಸ್ಟೇಟ್ ಹಿಗ್ಗಿದ ಗಂಡಸರಿಗೆ ಮೂತ್ರ ಕಟ್ಟಿಸಲೂಬಹುದು. ಅವುಗಳಲ್ಲಿ ಹಲವಕ್ಕೆ ಪ್ಯಾರಸಿಟಮಾಲ್ ಬೆರೆತಿರುವುದರಿಂದ ಮೇಲೆ ಮತ್ತೊಂದು ಜ್ವರದ ಮಾತ್ರೆ ನುಂಗಬಾರದು. ಮಂಡಿ ನೋವಿಗೆ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರಕ್ಕೆ ಎತ್ತಿ ಐದು ಎಣಿಸಿ ಇಳಿಸುವ ವ್ಯಾಯಾಮವನ್ನು ದಿನಾ ಹತ್ತು ಸಲ ಮಾಡಿದರೆ ತೊಡೆ ಗಟ್ಟಿಯಾಗಿ ಮಂಡಿಯ ಹೊರೆ ಇಳಿಯುತ್ತದೆ. ಮಲಬದ್ಧತೆಗೆ ಇಸಬ್‌ಗೋಲ್ ತೆಗೆದುಕೊಳ್ಳುವವರು ತುಂಬಿದ ಲೋಟ ನೀರಿನೊಡನೆಯೇ ತೆಗೆದುಕೊಳ್ಳಬೇಕು, ನೀರು ಕಡಿಮೆಯಾದರೆ ಅದೇ ಕಟ್ಟಿಕೊಳ್ಳುತ್ತದೆ. ಭೇದಿಯಾದಾಗ ಓಆರ್‌ಎಸ್ ಪೊಟ್ಟಣವಿಲ್ಲದಿದ್ದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯಬೇಕು. ಸಕ್ಕರೆ ಕಾಯಿಲೆಯವರಿಗೆ ಊಟ ತಡವಾಗಿ ರಕ್ತದ ಸಕ್ಕರೆ ಇಳಿದು ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಕಾಲು ಗಂಟೆಯಲ್ಲಿ ಮತ್ತೆ ಪರೀಕ್ಷಿಸಬೇಕು.

ಮಕ್ಕಳು ಊರಿಗೆ ಬಂದ ವಾರ ಈ ಅಳತೆಗಳೆಲ್ಲ ಕದಡುತ್ತವೆ. ಕದಡಲಿ, ಹೋಳಿಗೆ ಮಾಡದ ಮನೆಗೆ ಮೊಮ್ಮಕ್ಕಳು ಯಾಕೆ ಬರಬೇಕು? ಆದರೆ ದೊಡ್ಡ ಕುಕ್ಕರನ್ನು ಅಟ್ಟದಿಂದ ಇಳಿಸುವವನು ಮಗನಾಗಲಿ ಅಥವಾ ಅಳಿಯನಾಗಲಿ, ಸ್ಟೂಲು ಹತ್ತುವ ವಯಸ್ಸು ನಮ್ಮದಲ್ಲ. ಅವರು ಹೊರಟ ದಿನವೇ ಕುಕ್ಕರೂ ಮತ್ತೆ ಮೇಲೇರಬೇಕು.

ಕೊನೆಯದಾಗಿ, ಯಾವುದು ಸಣ್ಣ ಕಾಯಿಲೆಯಲ್ಲ ಎಂಬುದನ್ನೂ ಅದೇ ಹಾಳೆಯ ಕೆಳಗೆ ಬರೆದಿಡಿ. ಎದೆಯಲ್ಲಿ ಬಿಗಿತ, ಅದರೊಡನೆ ಬೆವರು ಅಥವಾ ಉಸಿರುಕಟ್ಟುವಿಕೆ ಕಾಣಿಸಿದರೆ ‘ಗ್ಯಾಸ್ಟ್ರಿಕ್’ ಎಂದು ಜೀರಿಗೆ ನೀರು ಕಾಯಿಸುತ್ತ ಕೂರಬಾರದು. ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವು ಹೆಚ್ಚು ನೋವಿಲ್ಲದೆ, ಬರೀ ಹೊಟ್ಟೆಯುಬ್ಬರದಂತೆ ಬರುವುದುಂಟು. ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಕೈ ಸೋತರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗಿನ ಕಾಲ ಮಾತ್ರ ಇರುವುದರಿಂದ ಲಕ್ಷಣ ಶುರುವಾದ ಗಂಟೆಯನ್ನು ಗೋಡೆ ಗಡಿಯಾರ ನೋಡಿ ಗುರುತು ಹಾಕಿಕೊಂಡು 108ಕ್ಕೆ ಕರೆ ಮಾಡಬೇಕು. ಹೊರಡುವಾಗ ಫ್ರಿಜ್ಜಿನ ಮೇಲಿನ ಹಾಳೆಯನ್ನು ಕಿತ್ತು ಜೇಬಿಗಿಟ್ಟುಕೊಳ್ಳಿ. ಮನೆಯ ಇನ್ನೊಂದು ಕೀಲಿಕೈ ಮೊದಲೇ ಪಕ್ಕದ ಮನೆಯವರ ಬಳಿ ಇದ್ದರೆ, ಒಲೆ ಆರಿಸಿದೆವೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಹೊಳೆದರೂ ಒಂದು ಫೋನಿನಲ್ಲಿ ಮುಗಿಯುತ್ತದೆ.